ಮೊಮ್ಮಗ ಕೊಟ್ಟ ತುತ್ತು

ಪ್ರಸಾದ ಹಂಚುವ ಮುಂಚೆ ಶ್ರೀಮಂತನೊಬ್ಬನ ಕಥೆ ಹೇಳುತ್ತೇನೆ, ಕೇಳಿ. ಊರು ಯಾವುದಾದರೂ ಇರಲಿ. ಅವನಿಗೆ ಹೊಲವಿತ್ತು, ಮನೆಯಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆಗಷ್ಟೇ ನಡೆಯಲು ಕಲಿತ ಒಬ್ಬ ಮೊಮ್ಮಗನಿದ್ದ.

ಬಹಳ ಮಡಿವಂತ ಈ ಶ್ರೀಮಂತ. ದೇವರ ಕೋಣೆಗೆ ಹೋಗುವ ಮುಂಚೆ ಕೈ ತೊಳೆಯುತ್ತಿದ್ದ, ಊಟಕ್ಕೆ ಮುಂಚೆ ತೊಳೆಯುತ್ತಿದ್ದ. ಮೊಮ್ಮಗನ ಕೈ? ಅದು ಅಂಗಳದ ಮಣ್ಣಿನಲ್ಲಿ, ಬಾಗಿಲ ಚಪ್ಪಲಿಯಲ್ಲಿ ಆಡಿ ನೇರವಾಗಿ ಬಾಯಿಗೆ. ಸೊಸೆ ಮಗುವಿನ ಉಗುರು ತೆಗೆಯಲು ಕೂತರೆ, "ಇವತ್ತು ಮಂಗಳವಾರ ಕಣಮ್ಮಾ" ಎನ್ನುತ್ತಿದ್ದ. ಶುಕ್ರವಾರ ಬೇಡ. ಶನಿವಾರ ಬೇಡವೇ ಬೇಡ. ಅಮಾವಾಸ್ಯೆ ಬೇಡ, ಜನ್ಮನಕ್ಷತ್ರ ಬೇಡ. ಸಂಜೆಯಾದರೆ ಯಾವ ದಿನವೂ ಬೇಡ. ನಗುತ್ತಿದ್ದೀರಿ. ನಿಮ್ಮ ಮನೆಯಲ್ಲಿ ಹೇಳುವುದಿಲ್ಲವೇ?

ಮಗುವಿಗೆ ಪದೇ ಪದೇ ಹೊಟ್ಟೆ ಕೆಡತೊಡಗಿತು. ಔಷಧಿ ಕೊಟ್ಟರೆ ವಾಸಿ, ಮತ್ತೆ ಅದೇ. ಕೆನ್ನೆ ಇಳಿಯಿತು. ಸೊಂಟದ ಉಡಿದಾರ ಸಡಿಲವಾಯಿತು. ತಾಯಿ ಅದನ್ನು ಬಿಗಿಮಾಡಿ ಕಟ್ಟಿದಳು. ತಾತ, "ದೃಷ್ಟಿಯಾಗಿದೆ" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿದ.

ಒಂದು ಶುಕ್ರವಾರ ಬೆಳಿಗ್ಗೆ ಮಗು ತನ್ನ ತಟ್ಟೆಯಿಂದ ಇಡ್ಲಿಯ ಚೂರೊಂದನ್ನು ಹಿಡಿದು ತಾತನ ಬಾಯಿಯ ಹತ್ತಿರ ತಂದಿತು. "ತಾತಾ, ಆಮ್." ಮಕ್ಕಳು ಹೀಗೆಯೇ ನೋಡಿ, ತಾವು ತಿನ್ನುವ ಮೊದಲು ನಮಗೆ ಕೊಡುತ್ತವೆ. ತಾತ ಸುಮ್ಮನೆ ಬಾಯಾಡಿಸಿ, "ಆಮ್ ಆಮ್, ತಿಂದೆ ತಿಂದೆ" ಎಂದು ಮುಖ ತಿರುಗಿಸಿದ.

"ತಿನ್ನಿ ಮಾವ, ಅಷ್ಟು ಪ್ರೀತಿಯಿಂದ ಕೊಡ್ತಿದಾನೆ" ಎಂದಳು ಸೊಸೆ.

"ಅಯ್ಯೋ, ಆ ಉಗುರಲ್ಲಿರೋ ಮಣ್ಣು ನೋಡಮ್ಮಾ! ಆ ಕೈಯಿಂದ ತಿನ್ನೋಕಾಗುತ್ತಾ?"

ಅವನು ಹೇಳಿ ಮುಗಿಸುವಷ್ಟರಲ್ಲಿ ಮಗು ಆ ಚೂರನ್ನು ತನ್ನ ಬಾಯಿಗೇ ಹಾಕಿಕೊಂಡಿತು.

ಸೊಸೆ ದನಿ ಏರಿಸಲಿಲ್ಲ. "ನಿಮ್ಮ ಬಾಯಿಗೆ ಬೇಡದ್ದು ಅವನ ಬಾಯಿಗೆ ಆಗುತ್ತಾ ಮಾವ?"

ಶ್ರೀಮಂತ ಎದ್ದು ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ತಂದ, ಸೋಪು ತಂದ. "ನೇಲ್ ಕಟರ್ ಎಲ್ಲಿಟ್ಟಿದೀಯಮ್ಮಾ?"

"ಇವತ್ತು ಶುಕ್ರವಾರ, ಮಾವ."

"ಹೊಟ್ಟೆನೋವು ವಾರ ನೋಡ್ಕೊಂಡು ಬರುತ್ತಾ? ತಗೊಂಬಾ."

ಮಗು ಮುಷ್ಟಿ ಬಿಗಿಹಿಡಿಯಿತು. ತಾತ ಮೊದಲು ತನ್ನದೇ ಉಗುರು ತೆಗೆದು ತೋರಿಸಿದ. "ನೋಡು, ತಾತ ಅತ್ತನಾ?" ಒಂದೊಂದೇ ಬೆರಳು ಬಿಚ್ಚಿಕೊಂಡಿತು. ಒಂದು ಕೈ ಮುಗಿಯುತ್ತಲೇ ಮಗು ಓಡಿಹೋಯಿತು. ಇನ್ನೊಂದು ಕೈ, ಮಧ್ಯಾಹ್ನ ಅದು ಮಲಗಿದಾಗ. ಇರಲಿ. ಆಯಿತಲ್ಲ!

ತಾಯಂದಿರೇ, ಅಜ್ಜಂದಿರೇ, ದೇವರ ಮುಂದೆ ನಿಲ್ಲಲು ಕೈ ತೊಳೆಯುತ್ತೇವೆ. ಆ ಪುಟ್ಟ ಹೊಟ್ಟೆಯೊಳಗಿನ ದೇವರು ಬೇರೆಯೇ? ಮಗುವನ್ನು ಗದರಬೇಡಿ, ಕೈಗೆ ಹೊಡೆಯಬೇಡಿ. ಮಣ್ಣಿನಲ್ಲಿ ಆಡಲಿ, ಆಡಲೇಬೇಕು. ಆದರೆ ತುತ್ತಿಗೆ ಮೊದಲು, ಶೌಚದ ನಂತರ, ಸೋಪು ಹಚ್ಚಿ ಬೆರಳ ಸಂದಿ ಉಜ್ಜಿ. ಉಣಿಸುವ ನಿಮ್ಮ ಕೈಯನ್ನೂ ತೊಳೆಯಿರಿ. ಸ್ನಾನವಾದ ಮೇಲೆ ಉಗುರು ಮೆತ್ತಗಿರುತ್ತದೆ, ಆಗ ತೆಗೆಯಿರಿ. ಪಂಚಾಂಗ ಕೇಳಬೇಡಿ.

ಈಗ ಪ್ರಸಾದ ಹಂಚುತ್ತಾರೆ. ನನ್ನನ್ನು ನೋಡಬೇಡಿ. ನಿಮ್ಮ ತೊಡೆಯ ಮೇಲಿರುವ ಮಗುವಿನ ಅಂಗೈ ಮೆಲ್ಲಗೆ ಬಿಡಿಸಿ ನೋಡಿ. ಹೊರಗೆ ನಲ್ಲಿಯ ಹತ್ತಿರ ಸೋಪು ಇಡಿಸಿದ್ದೇನೆ. ಮೊದಲು ಮಕ್ಕಳನ್ನು ಎತ್ತಿಕೊಂಡು ಹೋಗಿ ಬನ್ನಿ. ಪ್ರಸಾದ ಕಾಯುತ್ತದೆ.