ಸಿದ್ದರಾಜು ಬಿಚ್ಚಿದ ರಿಬ್ಬನ್

ಇದನ್ನ ನನಗೆ ಮೊದಲು ಹೇಳಿದವಳು ಜರಗನಹಳ್ಳಿಯ ಶಾಲಿನಿ. ನಡೆದದ್ದು ಅವಳ ಸ್ವಂತ ಅಣ್ಣ ಸಿದ್ದರಾಜುಗೆ. ದೆವ್ವಗಿವ್ವ ಅಂದರೆ ನಗೋ ಪೈಕಿ ಅವಳು. ಅವತ್ತು ನಗಲಿಲ್ಲ.

ಸಿದ್ದರಾಜು ಓಟದ ತಂಡದವನು. ಭಾನುವಾರ ಊರೆಲ್ಲ ಮಸಾಲೆದೋಸೆಗೆ ಕ್ಯೂ ನಿಲ್ಲೋ ಹೊತ್ತಿಗೆ, ಕೈಯಾರೆ ದುಡ್ಡು ಕೊಟ್ಟು ಕಲ್ಲುಗುಡ್ಡದಲ್ಲಿ ಮಂಡಿ ಸವೆಸಿಕೊಳ್ಳೋ ಜನ. ಅವರಲ್ಲಿ ಕೊನೆಯವನಿಗೆ ಸ್ವೀಪರ್ ಅಂತಾರೆ. ಅವನು ಎಲ್ಲರಿಗಿಂತ ಹಿಂದೆ ಓಡಬೇಕು; ದಾರಿಯ ಗುರುತಿಗೆ ಗಿಡಗಳಿಗೆ ಕಟ್ಟಿದ ಕೆಂಪು ರಿಬ್ಬನ್ ಬಿಚ್ಚಿಕೊಂಡು ಬರಬೇಕು. ಹೋದ ವರ್ಷ ಕನಕಪುರ ರಸ್ತೆಯಾಚೆ, ತಂಡದ ಯಾರೂ ಓಡಿರದ ಗುಡ್ಡದಲ್ಲಿ, ಸ್ವೀಪರ್ ಇವನೇ. ತಂಡದ ಜೊತೆ ಓಡುತ್ತಿದ್ದ ಪಕ್ಕದ ಬೀದಿಯ ಲಿಖಿತಾ ನಡುವೆ ಬಂಡೆಯ ಮರೆಗೆ ಹೋಗಿದ್ದಳು. ಇವನು ನೋಡಲಿಲ್ಲ. ಎಲ್ಲರೂ ಮುಂದಿದ್ದಾರೆ ಅಂದುಕೊಂಡ... ಒಂದೊಂದೇ ರಿಬ್ಬನ್ ಬಿಚ್ಚುತ್ತಾ ಹೋದ. ಗುರುತಿಲ್ಲದೆ ದಾರಿ ತಪ್ಪಿದ ಅವಳ ಹೆಣ ಎರಡು ದಿನ ಬಿಟ್ಟು ಕೊರಕಲಲ್ಲಿ ಸಿಕ್ಕಿತು.

ಅವತ್ತಿನಿಂದ ಅವಳ ತಾಯಿಗೆ ಮುಖ ತೋರಿಸಲಾರದೆ, ಮೂರು ಬೀದಿ ಸುತ್ತಿ ಬಸ್ ಸ್ಟಾಪಿಗೆ ಹೋಗುತ್ತಿದ್ದ.

ಈ ವರ್ಷ, ಅದೇ ತಾರೀಖು, ಆ ಗುಡ್ಡಕ್ಕೆ ಒಬ್ಬನೇ ಹೋದ. ದಾರಿಯುದ್ದಕ್ಕೂ ಮತ್ತೆ ರಿಬ್ಬನ್ ಕಟ್ಟಿದ. ಇಳಿಜಾರಿಗೆ ಬಂದಾಗ ಕತ್ತಲಾಗಿತ್ತು. ಕೆಳಗೊಂದು ಹಾಳುಬಾವಿ, ಅದರಾಚೆ ರಸ್ತೆ.

ಬಾವಿ ದಾಟುವಾಗ ಹಿಂದೆ... ಜರಕ್. ಜರಕ್. ಜಲ್ಲಿಯ ಮೇಲೆ ಶೂ. ಇವನು ನಿಂತ. ಅದೂ ನಿಂತಿತು. ಬೆನ್ನಚೀಲದ ನೀರು ಗುಳಕ್ ಅಂತು. ಇವನ ಚೀಲದಲ್ಲಿ ನೀರು ಮುಗಿದು ಗಂಟೆಯಾಗಿತ್ತು.

"ಅಣ್ಣ... ಇನ್ನೆಷ್ಟು ದೂರ?"

ಸ್ವೀಪರುಗಳು ಎಲ್ಲರಿಗೂ ಹೇಳೋ ಸುಳ್ಳೇ ಬಾಯಿಗೆ ಬಂತು. "ಇಲ್ಲೇ... ಒಂದೇ ಕಿಲೋಮೀಟರ್."

"ಅವತ್ತೂ ಹಿಂಗೇ ಅಂದ್ರಿ."

"ನೀನು ಹಿಂದೆ ಇದ್ದಿದ್ದು ನಂಗೆ ಗೊತ್ತಾಗ್ಲಿಲ್ಲ ಕಣಮ್ಮ..."

ಬೆನ್ನ ಹಿಂದೆಯೇ ಏದುಸಿರು ಮಾತ್ರ.

ಅವನು ತಿರುಗಲಿಲ್ಲ. ಪಕ್ಕಕ್ಕೆ ಸರಿದು, ಕಣ್ಣು ಮುಚ್ಚಿ ನಿಂತ. "ನೀನು ಮುಂದೆ ನಡಿ. ನಾನು ಹಿಂದೆ ಇರ್ತೀನಿ."

ಜರಕ್... ಜರಕ್... ಮೊಣಕೈ ಸವರಿಕೊಂಡು ಹೋಯಿತು. ತಣ್ಣಗೆ. ಅಳುತ್ತಾ ಆ ಸದ್ದಿನ ಹಿಂದೆಯೇ ನಡೆದ. ಟಾರು ರಸ್ತೆ ಬಂದಾಗ ಸದ್ದು ನಿಂತಿತು. ವಾಚಲ್ಲಿ ಸರಿಯಾಗಿ ಎಂಟು ಗಂಟೆ.

ಅಲ್ಲಿಂದ ಸೀದಾ ಅವಳ ಮನೆಗೆ ಹೋದ. ತಾಯಿ ಕತ್ತಲಲ್ಲೇ ಮೆಟ್ಟಿಲ ಮೇಲೆ ಕೂತಿದ್ದರು.

"ಆಂಟಿ... ತಪ್ಪು ನಂದು."

ಆಕೆ ಸರಿದು ಮೆಟ್ಟಿಲ ಮೇಲೆ ಜಾಗ ಬಿಟ್ಟರು. "ಕೂತ್ಕೊಳಪ್ಪ" ಅಂದರು. ಆಮೇಲೆ, ಯಾರಿಗೋ ಹೇಳುವ ಹಾಗೆ: "ನಮ್ಮನೇಲಿ ಕೊನೇಗೆ ಬಂದೋರು ಗೇಟಿನ ಲೈಟು ಆರಿಸ್ಬೇಕು. ವರ್ಷದಿಂದ ನಾನು ಆರಿಸೇ ಇಲ್ಲ. ಇವತ್ತು ಎಂಟು ಗಂಟೇಗೆ ಆರೋಯ್ತು. ಬಲ್ಬು ಹೋಯ್ತೇನೋ ಅಂತ ಹೋಗಿ ನೋಡ್ದೆ... ಸ್ವಿಚ್ ಆಫ್ ಆಗಿದೆ. ನಾನು ಮುಟ್ಟಿಲ್ಲ."

ಆ ಸ್ವಿಚ್ಚನ್ನ ಶಾಲಿನಿ ಕಣ್ಣಾರೆ ನೋಡಿದ್ದಾಳೆ. ಯಾರು ಏನೇ ಅನ್ನಲಿ, ಇದು ನಡೆದದ್ದು. ಗುಡ್ಡ ಓಡೋರು ಯಾರಾದರೂ ಗೊತ್ತಿದ್ದರೆ ನೀವೂ ಹೇಳಿ... ರಿಬ್ಬನ್ ಬಿಚ್ಚೋ ಮುಂಚೆ ಹಿಂದೆ ತಿರುಗಿ ಒಂದು ಸಲ ಕೂಗಲಿ.