ಮೆತ್ತಿದ ಬೆಳಕಿಂಡಿ

ಮಧುಗಿರಿಯಲ್ಲಿ ಸಿರಾ ಮೋಟಾರಿಗೆ ಕಾಯುತ್ತ ಶಿವನಾಮ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ತಾಯಿಯೊಬ್ಬಳು ಬಾಣಂತನ ಮುಗಿದ ಮಗಳನ್ನೂ ಕೂಸನ್ನೂ ಮಿಡಿಗೇಶಿಗೆ, ಅಳಿಯನ ಮನೆಗೆ, ಬಿಡಲು ಹೊರಟಿದ್ದಳು.

“ಹುಳಕ್ಕೆ ಹೆದ್ರಿ ಯಾರಾನ ಗಂಡನ ಮನೆ ಬುಡ್ತಾರೇನೇ, ಕದರಮ್ಮ?”

“ಬಾಲದಾಗೆ ಇಕ್ಕಳ ಇರೋ ಹುಳ ಕಣವ್ವ. ಮಗೀನ ಕಿವೀಗೆ ಹೋದ್ರೆ?”

“ಹೊಸ್ಲಿಗೆ ಬೂದಿ ಉದುರ್ಸು. ಬೇವಿನ ಹೊಗೆ ಹಾಕು.”

“ಹುಳ ಬತ್ತವೆ ಅಂತ ನಮ್ಮತ್ತೆ ಬೆಳಕಿಂಡೀನೂ ಮಣ್ಣಲ್ಲಿ ಮೆತ್ಬುಟ್ಟವ್ರೆ.”

“ಒಳ್ಳೇದೇ ಆಯ್ತು ಬುಡು.”

“ಒಳಗಿದ್ದೋವು ಒಳಗೇ ಉಳ್ಕಂಡ್ವು. ನಾನೂ ಅಷ್ಟೆ. ಹೊರಗಿಂದ ಅಗುಳಿ ಹಾಕ್ಕಂಡೇ ಹೊಲಕ್ಕೆ ಹೋಗ್ತಾರೆ.”

ತಾಯಿ ಕೂಸಿನ ಕುಲಾವಿ ಸರಿಮಾಡಿದಳು.

“ನಿನ್ ತಂಗೀನ ನೋಡಕ್ಕೆ ಬತ್ತವ್ರೆ ಕಣಮ್ಮ. ನೀನು ತವರಲ್ಲೇ ಕುಂತ್ರೆ ಅವಳನ್ನ ಯಾರು ಒಪ್ತಾರೆ?”

ಮಿಡಿಗೇಶಿ ಮೋಟಾರು ಬಂತು. ತಾಯಿ ಕೂಸನ್ನು ಮಗಳ ಕೈಯಿಂದ ಇಸಿದುಕೊಂಡು ಮೊದಲು ಹತ್ತಿದಳು. ಮಗಳು ಬರಿಗೈಯಲ್ಲಿ ನಿಂತಿದ್ದು, ಕೂಸು ಅತ್ತ ಮೇಲೆ ಹತ್ತಿದಳು.