ಗಾಜಿನ ನಳಿಕೆಯ ಇಪ್ಪತ್ತು ನಿಮಿಷ

ಸಹಿಯಂತೆ ಸಹಿ! ಹಾಕ್ತೆ ಕೂಸೇ, ಹಾಕ್ದೆ ಎಲ್ಲಿ ಓಡಿ ಹೋಗ್ತೆ, ಮೊದ್ಲು ಆ ಪೆನ್ನು ಕೆಳಗಿಟ್ಟು ಕೂತ್ಕ. ಎಂತ ಬರ್ದದೆ ಅದ್ರಲ್ಲಿ, ಓದು ನೋಡುವಾ. ನಮ್ಮ ಬದಿಗೆ ಎಲ್ಲಾ ಮಿಷನ್ನೂ ಇರೋ ದೊಡ್ಡ ಸರ್ಕಾರಿ ಆಸ್ಪತ್ರೆ ಬೇಕು, ಸರ್ಕಾರ ನಮ್ಮನ್ನ ಕಡೆಗಣಿಸಿದೆ... ಹೌದು, ಬೇಕು, ಬೇಡ ಅಂದವ್ರು ಯಾರು? ಮೊದಲ್ನೇ ಸಹಿ ಯಾರದ್ದು? ನಿನ್ನ ದೊಡ್ಡಜ್ಜಂದು! ನನ್ನ ಭಾವಂದು! ಮೂರು ಜನರ ಜಾಗ ಹಿಡಿಯೂ ಹಂಗೆ. ನಗು ಬರ್ತದೆ ನಂಗೆ. ಮೊನ್ನೆ ಮೈಕ್ ಹಿಡ್ಕಂಡು ಎಂತ ಹೇಳ್ದ ಗೊತ್ತಿದ್ಯಾ, "ನನ್ನ ತಮ್ಮ ಇಲ್ಲಿ ಸರಿಯಾದ ಆಸ್ಪತ್ರೆ ಇಲ್ದೆ ಸತ್ತ" ಅಂತ. ಜನ ಚಪ್ಪಾಳೆ ಬೇರೆ ಹೊಡೆದ್ರಂತೆ. ಏನು, ದೊಡ್ಡಜ್ಜಂಗೆ ಏಕವಚನ ಮಾಡ್ಬಾರ್ದಾ? ಎದುರಿಗೆ ಭಾವಯ್ಯ ಅಂತೆ, ಹಿಂದೆ ಹಿಂಗೇ. ನಿನ್ನ ಅಜ್ಜ ಹೆಂಗೆ ಸತ್ರು ಅಂತ ನಿಂಗೆ ಯಾರೂ ಹೇಳ್ಲಿಲ್ಲ, ಅಲ್ದಾ? ನಾ ಹೇಳ್ತೆ, ಕೇಳು.

ನೀ ಆಗ ಶಾಲೇಲಿ ಒಂದನೇತ್ತೆ. ಅಲ್ಲ, ಎರಡ್ನೇತ್ತೆ, ಮುಂದಿನ ಹಲ್ಲು ಬಿದ್ದಿತ್ತು ನಿಂಗೆ. ಬೆಳಿಗ್ಗೆ ಅವಲಕ್ಕಿ ತಿಂದು ಗದ್ದೆ ಬದು ಕೊಚ್ಚೂಕೆ ಹೋದವ್ರು ಅರ್ಧ ತಾಸಿಗೆಲ್ಲ ಕುಂಟ್ತಾ ಬಂದ್ರು. "ಕೊಳಕುಮಂಡಲ ಮಾರಾಯ್ತಿ, ಕಚ್ಚಿ ಹೋಗೂದನ್ನ ಕಣ್ಣಾರೆ ಕಂಡೆ" ಅಂದ್ರು. ಕಾಲು ಬಾತ್ಕಂಡದೆ, ಆದ್ರೆ ಆ ಮನುಷ್ಯಂಗೆ ಕತ್ತಿ ಗದ್ದೇಲೇ ಬಿಟ್ಟು ಬಂದದ್ದೇ ಚಿಂತೆ. ಕಾರು ಇದ್ದದ್ದು ಭಾವನ ಮನೇಲಿ ಒಂದೇ. ಬಂದ, ಕೂರ್ಸ್ಕಂಡ, ಅದಕ್ಕೆ ಉಪಕಾರ ಹೇಳ್ಬೇಕು, ಹೇಳ್ತೆ. ಇಸ್ತ್ರಿ ಅಂಗಿ ಹುಡ್ಕಿ ಹಾಕ್ಕಂಡು ಬರೂಕೆ ಹೊತ್ತು ಮಾಡ್ದ, ಅದ್ನೂ ಹೇಳ್ತೆ. ಹೊರಟದ್ದು ಸೀದಾ ಹುಬ್ಬಳ್ಳಿಗೆ. ದಾರೀಲಿ ನಮ್ಮ ಶಿರಸಿ ಪೇಟೆ ಮುಟ್ಟಿದ ಕೂಡ್ಲೇ ನಿನ್ನ ಅಜ್ಜನೇ "ಸರ್ಕಾರಿ ಆಸ್ಪತ್ರೇಲಿ ನಿಲ್ಸು ಅಣ್ಣಯ್ಯ, ತಲೆ ತಿರುಗ್ತದೆ" ಅಂದ್ರು, ಹಂಗಾಗಿ ನಿಂತದ್ದು.

ಭಾವ ಮೂಗಿಗೆ ಕರ್ಚೀಪು ಹಿಡ್ಕಂಡೇ ಒಳಗೆ ಬಂದ, ಗೊತ್ತಾಯ್ತಾ, ತಮ್ಮ ಸಾಯ್ತಾ ಇದ್ದಾನೆ, ಇವಂಗೆ ವಾಸನೆ! ಅಲ್ಲೊಂದು ನರ್ಸು, ಸಣ್ಣ ಕೂಸು, ಹೊಸದಾಗಿ ಬಂದದ್ದು ಕಾಣ್ತದೆ. ಇವ್ರ ಕೈಯಿಂದ ಚೂರು ರಕ್ತ ತೆಗ್ದು ಒಂದು ಗಾಜಿನ ನಳಿಕೆಗೆ ಬಿಡ್ತು, ಕಿಟಕಿ ಪಕ್ಕ ನೆಟ್ಟಗೆ ನಿಲ್ಸ್ತು, ಗಡಿಯಾರ ನೋಡ್ತು. "ಇಪ್ಪತ್ತು ನಿಮಿಷ ಯಾರೂ ಮುಟ್ಟಬೇಡಿ. ರಕ್ತ ಹೆಪ್ಪುಗಟ್ಟಿದ್ರೆ ಅಡ್ಡಿಲ್ಲ, ಗಟ್ಟದಿದ್ರೆ ವಿಷ ಏರಿದೆ ಅಂತ" ಅಂತು. ಭಾವ ಹುಬ್ಬು ಮೇಲೆ ಮಾಡ್ಕಂಡು, "ಇದೆಂತಾ ಟೆಸ್ಟು? ಮಿಷನ್ ಇಲ್ವಾ ನಿಮ್ಮಲ್ಲಿ?" "ಇದಕ್ಕೆ ಮಿಷನ್ ಬೇಡ ಸರ್." ಮಿಷನ್ ಬೇಡ ಅಂದದ್ದೇ ಇವಂಗೆ ಅವಮಾನ ಆಗ್ಹೋಯ್ತು. ಹತ್ತು ನಿಮಿಷ ಆಗಿತ್ತೋ ಇಲ್ವೋ, ಆ ಪುಣ್ಯಾತ್ಮ ಹೋಗಿ ನಳಿಕೆ ಎತ್ತಿ, ಕೆಮ್ಮಿನ ಔಷಧಿ ಬಾಟ್ಲಿ ಅಲ್ಲಾಡ್ಸೂ ಹಂಗೆ ಗಡಗಡ ಅಲ್ಲಾಡ್ಸಿ, ಬೆಳಕಿಗೆ ಹಿಡ್ದು ನೋಡ್ದ! ಆ ಕೂಸಿಗೆ ಅಳುವೇ ಬಂತು. "ಸರ್, ಮತ್ತೆ ಮೊದ್ಲಿಂದ ಮಾಡ್ಬೇಕಲ್ಲ" ಅಂತು. ಮತ್ತೆ ಸೂಜಿ, ಮತ್ತೆ ಇಪ್ಪತ್ತು ನಿಮಿಷ. ಆಮೇಲೆ ಭಾವ ಸುಮ್ನೆ ಕೂತ್ನಾ? ಬೆಂಚಲ್ಲಿದ್ದವ್ರಿಗೆಲ್ಲ ಕೇಳೂ ಹಂಗೆ, "ನೋಡಿ, ಅರ್ಧ ತಾಸಾದ್ರೂ ಒಂದು ಟೆಸ್ಟು ಮುಗೀಲಿಲ್ಲ! ಇದು ಸರ್ಕಾರಿ ಆಸ್ಪತ್ರೆ ಹಣೆಬರಹ!" ಅಂತ ಭಾಷಣ. ಕೆಡ್ಸಿದವ ಇವ!

ಎರಡ್ನೇ ಸಲ ಆ ಕೂಸು ನಳಿಕೆ ಓರೆ ಮಾಡ್ತು. ನೀರಿನ ಹಂಗೆ ಹರೀತು ರಕ್ತ. ಡಾಕ್ಟ್ರು ಬಂದ್ರು, ಹಾವೇರಿ ಬದಿಯವ್ರು, "ಔಷಧ ನಮ್ಮ ಹತ್ರಾನೇ ಐತ್ರಿ, ಈಗ ಹಚ್ಚತೀವಿ. ಇಂಥಾ ಹೊತ್ತಿನಾಗ ಗಾಡ್ಯಾಗ ಹಾಕ್ಕೊಂಡು ಹೋಗಬ್ಯಾಡ್ರಿ" ಅಂದ್ರು. ಭಾವ ಒಪ್ಲಿಲ್ಲ. "ಒಂದು ಸಲದ ಔಷಧರೆ ಒಳಗ ಹೋಗ್ಲಿರಿ, ಆಮ್ಯಾಲ ಒಯ್ರಿ" ಅಂತ ಕೈ ಮುಗಿದಂಗೆ ಹೇಳಿದ್ರು. ಅದ್ಕೂ ಒಪ್ಲಿಲ್ಲ. ಸರಿ, ನಮ್ಮ ಜವಾಬ್ದಾರಿ ಮೇಲೆ ಕರ್ಕಂಡು ಹೋಗ್ತೇವೆ ಅಂತ ಒಂದು ಕಾಗ್ದ, ಅದಕ್ಕೆ ಹೆಂಡ್ತಿ ಸಹಿ ಬೇಕು. ಭಾವ ನನ್ನನ್ನ ಕಂಬದ ಹಿಂದೆ ಕರ್ದ, "ತಂಗೀ, ನಾಳೆ ಹೆಚ್ಚುಕಮ್ಮಿ ಆದ್ರೆ ಊರವ್ರು ಎಂತ ಹೇಳ್ತಾರೆ? ಅಣ್ಣ ಕಾರಲ್ಲಿ ತಿರುಗ್ತಾನೆ, ತಮ್ಮನ್ನ ಧರ್ಮಾಸ್ಪತ್ರೇಲಿ ಹಾಕ್ದ ಅಂತಾರೆ." ಕೇಳ್ದ್ಯಾ? ಊರವ್ರು! ಅಲ್ಲಿ ಮಲಗಿದ್ದ ನಿನ್ನ ಅಜ್ಜ ಹೇಳ್ತಿದ್ರು, "ನಾ ಇಲ್ಲೇ ಇರ್ತೆ, ಆ ಕೂಸು ಸರಿಯಾಗಿ ಮಾಡ್ತದೆ." ಎರಡು ಸಲ ಹೇಳಿದ್ರು. ನಾ ಸಹಿ ಹಾಕ್ದೆ. ಭಾವನ್ನ ಬೈತೆ ಅಂತ ನೀ ನಗ್ತೆ, ಆದ್ರೆ ಸಹಿ ಹಾಕಿದ್ದು ಈ ಕೈ. ನಂಗೂ ಅದೇ ನಾಚಿಕೆ, ಸರ್ಕಾರಿ ಆಸ್ಪತ್ರೇಲಿ ಇಟ್ಲು ಅಂತಾರಲ್ಲ ಅಂತ. ಥೂ! ಗಂಡಂಗಿಂತ ಹೆಚ್ಚಾಯ್ತು ಊರವ್ರ ಬಾಯಿ ನಂಗೆ.

ಶಿರಸಿಯವ್ರಿಗಾಗ್ಲಿ ಯಲ್ಲಾಪುರದವ್ರಿಗಾಗ್ಲಿ ಹುಬ್ಬಳ್ಳಿನೇ ಬೇಕು, ಸಿದ್ದಾಪುರದವ್ರಿಗೆ ಶಿವಮೊಗ್ಗ, ಇದೇ ನಮ್ಮ ಜನರ ದೊಡ್ಡ ರೋಗ ಕೂಸೇ, ಬೇರೆ ರೋಗ ಎಲ್ಲ ಆಮೇಲೆ. ಮೂರು ತಾಸು ಹೋದ್ವಿ. ದಾರೀಲಿ ಇವ್ರ ಒಸಡಲ್ಲಿ ರಕ್ತ ಬರೂಕೆ ಶುರುವಾಯ್ತು, ನನ್ನ ಸೆರಗಲ್ಲೇ ಒರಸ್ತಾ ಕೂತೆ. ಹುಬ್ಬಳ್ಳಿಯ ಆ ಖಾಸಗಿ ಆಸ್ಪತ್ರೆ ಬಾಗ್ಲಲ್ಲಿ ಗಾಜಿನ ತೊಟ್ಟೀಲಿ ಬಣ್ಣದ ಮೀನು, ಕೂರೂಕೆ ಸೋಫಾ. ಭಾವಂಗೆ ಜೀವ ಬಂತು, ಮೊಬೈಲ್ ತೆಗ್ದ, "ಹುಬ್ಬಳ್ಳೀಲಿ ಇದ್ದೇವೆ, ಹುಬ್ಬಳ್ಳೀಲಿ" ಅಂತ ಊರಿಗೆಲ್ಲ ಸುದ್ದಿ. ಒಳಗೆ ಎಂತ ಮಾಡಿದ್ರು ಗೊತ್ತಿದ್ಯಾ? ಒಂದು ಹುಡುಗಿ ಬಂತು, ಚೂರು ರಕ್ತ ತೆಗೀತು, ಗಾಜಿನ ನಳಿಕೆಗೆ ಬಿಡ್ತು, ಮೇಜಿನ ಮೇಲೆ ನಿಲ್ಸ್ತು. "ಇಪ್ಪತ್ತು ನಿಮಿಷ ಮುಟ್ಟಬ್ಯಾಡ್ರಿ" ಅಂತು. ಅದೇ ನಳಿಕೆ! ಅದೇ ಇಪ್ಪತ್ತು ನಿಮಿಷ! ಆಗ ಭಾವ ಕೈ ಕಟ್ಕಂಡು, ದೇವ್ರ ಮುಂದೆ ನಿಂತವ್ರ ಹಂಗೆ ನಿಂತ. ನನ್ನ ಬದಿ ತಿರುಗಿ ಮೆಲ್ಲಗೆ, "ನೋಡು, ಇಲ್ಲಿ ಎಷ್ಟು ಶಿಸ್ತು" ಅಂದ.

ಆಮೇಲೆ ಹಾಕಿದ್ದೂ ಅದೇ ಔಷಧಿ. ಜೀವ ಉಳೀತು. ಆದ್ರೆ ತಡ ಆಗಿತ್ತು, ಎರಡೂ ಕಿಡ್ನಿ ಹೋಯ್ತು. ಭಾವ ಮಾತ್ರ ತಮ್ಮ ಉಳ್ದ ಅಂತ ಚಂದಗುಳಿ ಗಣಪಂಗೆ ಹರಕೆ ಗಂಟೆ ಕಟ್ಟಿ ಬಂದ, ಗಂಟೆ ಮೇಲೆ ತನ್ನ ಹೆಸ್ರು. ಡಯಾಲಿಸಿಸ್ ಆಗ್ಬೇಕು, ವಾರಕ್ಕೆ ಎರಡು ಸಲ, ಸಾಯೂ ತನ್ಕ. ಹುಬ್ಬಳ್ಳಿ ಡಾಕ್ಟ್ರೇ ಹೇಳಿದ್ರು, "ನಿಮ್ಮೂರ ಸರ್ಕಾರಿ ದವಾಖಾನ್ಯಾಗ ಐತಲ್ಲ, ಅಲ್ಲೇ ಮಾಡಸ್ರಿ." ತಿರುಗಿ ಅಲ್ಲಿಗೇ ಬಂದ್ವಿ. ನಾಲ್ಕು ವರ್ಷ, ಬಸ್ಸಲ್ಲಿ. ಆ ನರ್ಸು ಅಲ್ಲೇ ಇತ್ತು. ನೋಡ್ತು, ಗುರ್ತು ಸಿಕ್ತು ಅದಕ್ಕೆ, ಒಂದು ಮಾತು ಚುಚ್ಚಿ ಆಡ್ಲಿಲ್ಲ. "ಅಜ್ಜಾರೇ, ದಿಂಬು ಎತ್ರ ಸಾಕಾ?" ಅಂತ ಕೇಳ್ತು ಅಷ್ಟೇ. ನಾ ಹೊರಗೆ ಹೋಗಿ ಅತ್ತೆ.

ಭಾವ ಒಂದೇ ಸಲ ನೋಡೂಕೆ ಬಂದದ್ದು. ಗೇಟಿನ ಹೊರಗೆ ಕಾರು ನಿಲ್ಸಿ, ಡ್ರೈವರ್ ಕೈಲಿ ಸೇಬು ಕಳಿಸ್ದ. ಒಳಗೆ ವಾಸನೆಯಂತೆ! ಹಂಗಂತ ಸರ್ಕಾರನ್ನ ನಾ ಹೊಗಳ್ತೆ ಅಂತ ತಿಳೀಬೇಡ, ಅವ್ರೂ ಭಂಡ್ರೇ. ಒಂದು ಸಲ ಮಿಷನ್ ಕೆಟ್ಟು ಹದಿನೈದು ದಿನ, ಬಾಗ್ಲಿಗೆ ಒಂದು ಕಾಗ್ದ ಅಂಟಿಸಿದ್ರು, ಮುಗೀತು. ಕೇಳಿದ್ರೆ "ಮೇಲೆ ಬರ್ದಿದ್ದೇವೆ." ನಮ್ಮ ಬೆಂಚಲ್ಲಿ ಇದ್ದವ್ರು ಯಾರು? ನಾನು, ಒಬ್ಬ ಹಮಾಲ, ಯಲ್ಲಾಪುರ ಬದಿಯ ಒಬ್ರು ಸಾಬ್ರು, ಲಾರಿ ಓಡಿಸ್ತಿದ್ದವ್ರು. ಹುಬ್ಬಳ್ಳಿಗೆ ಹೋಗಿ ಮಾಡ್ಸೂಕೆ ನಮ್ಮ ಹತ್ರ ದುಡ್ಡೆಲ್ಲಿ, ನಮ್ಮ ಮಾತು ಯಾರು ಕೇಳ್ತಾರೆ? ಆ ಬೆಂಚಲ್ಲಿ ನಿನ್ನ ದೊಡ್ಡಜ್ಜನಂಥ ಇಸ್ತ್ರಿ ಅಂಗಿಯವ್ರು ನಾಲ್ಕು ಜನ ಕೂತಿದ್ರೆ ಸಂಜೆ ಒಳಗೆ ರಿಪೇರಿ ಆಗ್ತಿತ್ತು. ಅವ್ರೆಲ್ಲ ಹುಬ್ಬಳ್ಳೀಲಿ ಮೀನು ನೋಡ್ತಾ ಕೂತಿದ್ರು. ಆ ಹದಿನೈದು ದಿನದಲ್ಲಿ ಇವ್ರ ಮೈ ಎಲ್ಲ ನೀರು ತುಂಬ್ಕಂಡ್ತು, ಮತ್ತೆ ಏಳ್ಲೇ ಇಲ್ಲ.

ಕೊಡು ಆ ಕಾಗ್ದ. ಇಲ್ಲಿ, ಕೆಳಗೆ ಒಂದು ಸಾಲು ಬರಿ, ಚಂದ ಅಕ್ಷರದಲ್ಲಿ: ಇದಕ್ಕೆ ಸಹಿ ಹಾಕಿದವ್ರು ತಮಗೆ ಹುಷಾರಿಲ್ದೇ ಹೋದ್ರೆ ಮೊದ್ಲು ಸರ್ಕಾರಿ ಆಸ್ಪತ್ರೆಗೇ ಹೋಗ್ತಾರೆ ಅಂತ. ಬರ್ದ್ಯಾ? ಈಗ ತಗಂಡು ಹೋಗಿ ದೊಡ್ಡಜ್ಜನ ಹತ್ರ ಆ ಸಾಲಿನ ಕೆಳಗೆ ಇನ್ನೊಂದು ಸಹಿ ಹಾಕ್ಸ್ಕಂಡು ಬಾ, ಆಮೇಲೆ ನಾ ಹಾಕ್ತೆ. ತಾನು ಕೂತು ಉಣ್ಣದ ಪಂಕ್ತೀಲಿ ಸಾರು ಹಳಸಿದ್ಯಾ ಅಂತ ಯಾವನೂ ನೋಡೂದಿಲ್ಲ ಕೂಸೇ. ಹೋಗು, ಪೆನ್ನು ಇಲ್ಲೇ ಇರ್ಲಿ.